ಏನೂ ಕೇಳದ ಆಡಿಟರ್

ತೆರಿಗೆ ಇಲಾಖೆಯಿಂದ ನನಗೆ ಮೂರು ನೋಟಿಸ್ ಬಂದಿದ್ದವು. ಮೂರರಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ.

ಬ್ಯಾಂಕ್ ಸಾಲಕ್ಕೆ ಹಳೇ ರಿಟರ್ನ್‌ಗಳ ಪ್ರತಿ ಬೇಕಿತ್ತು. ಆಡಿಟರ್ ಫೋನ್ ಎತ್ತಲಿಲ್ಲ. ಸರಿ, ನಾನೇ ತೆಗೆದುಕೊಳ್ಳೋಣ ಅಂತ ಪೋರ್ಟಲ್ ಒಳಗೆ ಹೋಗಲು ನೋಡಿದೆ. ಪಾಸ್‌ವರ್ಡ್ ಗೊತ್ತಿಲ್ಲ. ಮರೆತಿದ್ದೇನೆ ಅಂತ ಒತ್ತಿದರೆ ಒಟಿಪಿ ಯಾವುದೋ ನಂಬರಿಗೆ ಹೋಯಿತು. ಆ ನಂಬರಿನ ಕೊನೆಯ ಅಂಕಿಗಳು ನನ್ನವಲ್ಲ, ಆಡಿಟರದ್ದು. ಇಮೇಲ್ ಕೂಡ ಅವರದ್ದೇ. ನಾಲ್ಕು ವರ್ಷ ನನ್ನ ಹೆಸರಿನಲ್ಲಿ, ನನ್ನ ವ್ಯಾಪಾರದ ಬಗ್ಗೆ, ಇಲಾಖೆ ಕಳಿಸಿದ ಪ್ರತಿಯೊಂದು ಪತ್ರವೂ ಇನ್ನೊಬ್ಬರ ಇಮೇಲ್‌ಗೆ ಹೋಗಿ ಬಿದ್ದಿತ್ತು.

ಎರಡು ದಿನ ಪರದಾಡಿ ಖಾತೆಯನ್ನು ನನ್ನ ನಂಬರಿಗೆ ಬದಲಿಸಿಕೊಂಡು ಒಳಗೆ ಹೋದಾಗ ಸಾಲಾಗಿ ಕೂತಿದ್ದವು ನೋಡಿ. ಮೊದಲನೆಯದು ಸೌಮ್ಯವಾಗಿತ್ತು: ನಿಮ್ಮ ಗ್ರಾಹಕರು ನಿಮಗೆ ಕೊಟ್ಟಿದ್ದೇವೆ ಅಂತ ತೋರಿಸಿದ ಮೊತ್ತಕ್ಕೂ ನೀವು ತೋರಿಸಿದ ವಹಿವಾಟಿಗೂ ತಾಳೆಯಾಗುತ್ತಿಲ್ಲ, ವಿವರ ಕೊಡಿ. ಎರಡನೆಯದು ನೆನಪೋಲೆ. ಮೂರನೆಯದರ ಹೊತ್ತಿಗೆ ಅವರ ತಾಳ್ಮೆ ಮುಗಿದಿತ್ತು. ಉತ್ತರ ಬಾರದ ಕಾರಣ ತೆರಿಗೆ, ಬಡ್ಡಿ, ದಂಡ ಎಲ್ಲ ಸೇರಿಸಿ ಇಷ್ಟು ಕಟ್ಟಿ ಅಂತ ಆದೇಶವೇ ಬಂದಿತ್ತು. ಮೊದಲನೆಯದಕ್ಕೆ ಒಂದು ಪುಟದ ಉತ್ತರ ಕೊಟ್ಟಿದ್ದರೆ ಅಲ್ಲಿಗೇ ಮುಗಿಯುವ ವಿಷಯ.

ಆಡಿಟರನ್ನು ಬೈಯಲು ಈ ಪೋಸ್ಟ್ ಬರೆಯುತ್ತಿಲ್ಲ. ಅವರನ್ನು ಆರಿಸಿಕೊಂಡಿದ್ದು ನಾನೇ ಅಲ್ವಾ. ಹೇಗೆ ಆರಿಸಿಕೊಂಡೆ ಅಂತ ಹೇಳಿದರೆ ನಿಮಗೆ ನಗು ಬರಬಹುದು. ನಾನು ಸ್ಟಿಕ್ಕರ್, ಲೇಬಲ್ ಮುದ್ರಿಸಿ ಕೊಡುವ ಸಣ್ಣ ವ್ಯಾಪಾರ ನಡೆಸುತ್ತೇನೆ. ಶುರು ಮಾಡಿದ ಹೊಸದರಲ್ಲಿ ಪರಿಚಯದವರೊಬ್ಬರನ್ನು ಯಾರ ಹತ್ತಿರ ರಿಟರ್ನ್ ಹಾಕಿಸುತ್ತೀರಿ ಅಂತ ಕೇಳಿದೆ. ಅವರು ಹೇಳಿದ್ದು ಇಷ್ಟು: "ಒಬ್ಬರಿದ್ದಾರೆ, ಕಡಿಮೆಗೆ ಮಾಡಿಕೊಡ್ತಾರೆ, ತಲೆ ತಿನ್ನಲ್ಲ, ಏನೂ ಕೇಳಲ್ಲ." ಆ 'ಏನೂ ಕೇಳಲ್ಲ' ಅನ್ನುವುದನ್ನು ನಾನು ಹೊಗಳಿಕೆ ಅಂತ ತಿಳಿದುಕೊಂಡೆ. ನಿಜಕ್ಕೂ ಅವರು ಏನೂ ಕೇಳಲಿಲ್ಲ. ವರ್ಷಕ್ಕೊಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸುತ್ತಿದ್ದೆ, ಅವರು ಎಲ್ಲ ಆಯ್ತು ಅಂತ ಮೆಸೇಜ್ ಹಾಕುತ್ತಿದ್ದರು, ನಾನು ದುಡ್ಡು ಕಳಿಸುತ್ತಿದ್ದೆ. ನಾಲ್ಕು ವರ್ಷದಲ್ಲಿ ನಮ್ಮ ಮಾತುಕತೆ ಒಟ್ಟು ಅರ್ಧ ಗಂಟೆ ಆಗಿರಬಹುದು.

ಯೋಚಿಸಿ ನೋಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದರೆ ದುಡ್ಡು ಬಂದಿದ್ದು ಹೋಗಿದ್ದು ಗೊತ್ತಾಗುತ್ತದೆ. ಯಾಕೆ ಬಂತು, ಯಾಕೆ ಹೋಯಿತು ಅಂತ ಗೊತ್ತಾಗುವುದಿಲ್ಲ. ತಂಗಿ ಕೊಟ್ಟ ಕೈಸಾಲವೂ ಜಮೆ, ಗ್ರಾಹಕರು ಕೊಟ್ಟ ಹಣವೂ ಜಮೆ. ಹೊಸ ಮುದ್ರಣ ಯಂತ್ರವೂ ಖರ್ಚು, ಮನೆಯ ಫ್ರಿಜ್ಜೂ ಖರ್ಚು. ಕೇಳದೆ ಇದನ್ನು ಬೇರೆ ಮಾಡಲು ಸಾಧ್ಯವೇ ಇಲ್ಲ. ಅಂದರೆ ಕೇಳದವರು ಊಹಿಸುತ್ತಿದ್ದಾರೆ ಅಂತ ಅರ್ಥ. ಆ ಊಹೆಯ ಕೆಳಗೆ ನಮ್ಮ ಸಹಿ ಇರುತ್ತದೆ.

ಈ ಸಹಿಯ ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ರಿಟರ್ನ್ ಯಾರೇ ತುಂಬಲಿ, ಅದರಲ್ಲಿರುವುದಕ್ಕೆ ಉತ್ತರ ಹೇಳಬೇಕಾದವರು ತೆರಿಗೆದಾರರು. ನಾನು ದುಡ್ಡು ಕೊಟ್ಟಿದ್ದೆ, ಅವರು ತಪ್ಪು ಮಾಡಿದರು ಅಂತ ಹೇಳಿದರೆ ಇಲಾಖೆಯವರು ಪಾಪ ಅನ್ನಬಹುದು, ಆದರೆ ತೆರಿಗೆಯನ್ನೂ ಬಡ್ಡಿಯನ್ನೂ ನನ್ನಿಂದಲೇ ವಸೂಲು ಮಾಡುತ್ತಾರೆ. ಹಾಗೇ ಆಯಿತು.

ಆಮೇಲೆ ಹೊಸಬರನ್ನು ಹುಡುಕಲು ಹೊರಟೆ. ಈ ಸಲ ಸ್ವಲ್ಪ ಓದಿಕೊಂಡು ಹೊರಟೆ.

ಮೊದಲು ಗೊಂದಲವಾಗಿದ್ದು ಹೆಸರಿನಲ್ಲೇ. ನಾವು ಎಲ್ಲರನ್ನೂ ಆಡಿಟರ್ ಅಂತ ಕರೆದುಬಿಡುತ್ತೇವೆ. ಲೆಕ್ಕ ಬರೆಯುವವರೂ ಆಡಿಟರ್, ರಿಟರ್ನ್ ಹಾಕುವವರೂ ಆಡಿಟರ್, ನಿಜವಾಗಿ ಆಡಿಟ್ ಮಾಡುವವರೂ ಆಡಿಟರ್. ಕಾನೂನು ಹಾಗೆ ನೋಡುವುದಿಲ್ಲ. ಭಾರತದಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಅಂತ ಬೋರ್ಡ್ ಹಾಕಿಕೊಳ್ಳಬೇಕಾದರೆ 1949ರ ಕಾಯ್ದೆಯಡಿ ಹುಟ್ಟಿದ ಐಸಿಎಐ ಸಂಸ್ಥೆಯ ಸದಸ್ಯರಾಗಿರಬೇಕು. ಜಿಎಸ್‌ಟಿ ರಿಟರ್ನ್ ಹಾಕಿಕೊಡುವ ಜಿಎಸ್‌ಟಿ ಪ್ರಾಕ್ಟೀಷನರ್ ಅನ್ನುವುದು ಬೇರೆಯೇ ನೋಂದಣಿ. ತೆರಿಗೆ ಕೆಲಸ ಮಾಡುವ ವಕೀಲರೂ ಇದ್ದಾರೆ. ಇಂಗ್ಲೆಂಡಿನಲ್ಲಂತೂ ಬರೀ ಅಕೌಂಟೆಂಟ್ ಅಂತ ಯಾರು ಬೇಕಾದರೂ ಹೇಳಿಕೊಳ್ಳಬಹುದು, ಆ ಪದಕ್ಕೆ ಕಾನೂನಿನ ಕಾವಲಿಲ್ಲ. ಮುಂದೆ ಚಾರ್ಟರ್ಡ್ ಅಂತ ಸೇರಿಸಿಕೊಳ್ಳಬೇಕಾದರೆ ಮಾತ್ರ ಸದಸ್ಯತ್ವ ಬೇಕು. ಅಮೆರಿಕದಲ್ಲಿ ದುಡ್ಡು ತೆಗೆದುಕೊಂಡು ಇನ್ನೊಬ್ಬರ ಫೆಡರಲ್ ರಿಟರ್ನ್ ತಯಾರಿಸುವ ಪ್ರತಿಯೊಬ್ಬರಿಗೂ ಪಿಟಿನ್ ಅನ್ನುವ ನಂಬರ್ ಕಡ್ಡಾಯ. ಆದರೆ ಆ ನಂಬರ್ ಇದ್ದ ಮಾತ್ರಕ್ಕೆ ಓದಿದವರು ಅಂತ ಅರ್ಥವಲ್ಲ. ನೋಟಿಸ್ ಬಂದಾಗ ಇಲಾಖೆ ಮುಂದೆ ಯಾವ ವಿಷಯಕ್ಕೆ ಬೇಕಾದರೂ ನಿಮ್ಮ ಪರವಾಗಿ ನಿಲ್ಲುವ ಪೂರ್ತಿ ಹಕ್ಕು ಅಲ್ಲಿ ಮುಖ್ಯವಾಗಿ ಇರುವುದು ವಕೀಲರು, ಸಿಪಿಎಗಳು (ನಮ್ಮ ಚಾರ್ಟರ್ಡ್ ಅಕೌಂಟೆಂಟ್‌ಗಳಂಥವರು) ಮತ್ತು ಎನ್‌ರೋಲ್ಡ್ ಏಜೆಂಟ್‌ಗಳಿಗೆ (ಅಲ್ಲಿನ ತೆರಿಗೆ ಇಲಾಖೆಯೇ ಪರವಾನಗಿ ಕೊಟ್ಟವರು). ಆಸ್ಟ್ರೇಲಿಯಾದಲ್ಲಿ ಹಣ ಪಡೆದು ಈ ಕೆಲಸ ಮಾಡುವವರು ಟ್ಯಾಕ್ಸ್ ಪ್ರಾಕ್ಟೀಷನರ್ಸ್ ಬೋರ್ಡ್‌ನಲ್ಲಿ ನೋಂದಾಯಿಸಿಕೊಂಡಿರಬೇಕು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಇಂಥ ಹೆಚ್ಚಿನ ಪಟ್ಟಿಗಳನ್ನು ಆನ್‌ಲೈನ್‌ನಲ್ಲಿ ಹುಡುಕಿ ನೋಡಬಹುದು. ನೀವು ಯಾವ ದೇಶದಲ್ಲೇ ಇರಿ, ಅವರ ಬಳಿ ನೋಂದಣಿ ಸಂಖ್ಯೆ ಕೇಳಿ. ಮನೆಗೆ ಬಂದು ಹುಡುಕಿ. ಐದು ನಿಮಿಷದ ಕೆಲಸ. ಭಾರತದಲ್ಲಿ ಇನ್ನೂ ಒಂದು ಅನುಕೂಲವಿದೆ. ಸಿಎ ಸಹಿ ಹಾಕಿ ಕೊಡುವ ಪ್ರಮಾಣಪತ್ರ, ಆಡಿಟ್ ವರದಿಗಳ ಮೇಲೆ 2019ರಿಂದ ಯುಡಿನ್ ಅನ್ನುವ 18 ಅಂಕಿ-ಅಕ್ಷರದ ಗುರುತು ಇರಬೇಕು, ಅದು ಅಸಲಿಯೋ ನಕಲಿಯೋ ಅಂತ ಯಾರು ಬೇಕಾದರೂ ಪರೀಕ್ಷಿಸಬಹುದು. ನಂಬರ್ ಕೇಳಿದ್ದಕ್ಕೆ ಯಾರಾದರೂ ಮುಖ ಊದಿಸಿಕೊಂಡರೆ ಒಳ್ಳೆಯದೇ ಆಯಿತು, ಬೇಗ ಗೊತ್ತಾಯಿತಲ್ಲ.

ಆದರೆ ಡಿಗ್ರಿ ಇದ್ದವರೆಲ್ಲ ನಮಗೆ ಸರಿಹೊಂದುತ್ತಾರೆ ಅಂತಿಲ್ಲ. ಇಲ್ಲಿ ನಾವೇ ಒಂದು ವಿಷಯ ತೀರ್ಮಾನಿಸಿಕೊಂಡಿರಬೇಕು, ನಮಗೆ ಬೇಕಿರುವುದು ಯಾವ ಕೆಲಸ ಅಂತ. ದಿನನಿತ್ಯದ ಲೆಕ್ಕ ಬರೆಯುವುದು ಒಂದು ಕೆಲಸ. ಆ ಲೆಕ್ಕದಿಂದ ರಿಟರ್ನ್ ತಯಾರಿಸುವುದು ಇನ್ನೊಂದು. ಮುಂದಿನ ವರ್ಷ ಯಂತ್ರ ಕೊಳ್ಳಬೇಕಾ, ಸಂಬಳದವರನ್ನು ಇಟ್ಟುಕೊಳ್ಳಬೇಕಾ, ಪಾಲುದಾರಿಕೆ ಮಾಡಿಕೊಳ್ಳಬೇಕಾ ಅಂತ ಸಲಹೆ ಕೊಡುವುದು ಮೂರನೆಯದು. ನೋಟಿಸ್ ಬಂದರೆ ಉತ್ತರ ಬರೆದು ಹೋಗಿ ವಾದಿಸುವುದು ನಾಲ್ಕನೆಯದು. ನಾವು ಎರಡನೆಯದಕ್ಕೆ ಮಾತ್ರ ದುಡ್ಡು ಕೊಟ್ಟು ನಾಲ್ಕೂ ಆಗುತ್ತಿದೆ ಅಂತ ನಂಬಿಕೊಂಡಿರುತ್ತೇವೆ. ನನ್ನ ಹಳೇ ಆಡಿಟರ್ ಕೊನೆಗೂ ಫೋನ್ ಎತ್ತಿದಾಗ ಹೇಳಿದ್ದು ಇದನ್ನೇ: "ನೋಟಿಸ್ ನೋಡೋದು ನಮ್ಮ ಒಪ್ಪಂದದಲ್ಲಿ ಇರಲಿಲ್ಲವಲ್ಲ." ಕೋಪ ಬಂತು, ಆದರೆ ಅದು ನಿಜ. ಒಪ್ಪಂದ ಅನ್ನುವುದೇ ನಮ್ಮ ನಡುವೆ ಇರಲಿಲ್ಲ.

ಹಾಗೇ, ಕೆಲವರಿಗೆ ಯಾರೂ ಬೇಕಾಗಿಲ್ಲ. ಒಬ್ಬರೇ ಕೆಲಸ ಮಾಡುತ್ತೀರಿ, ಒಂದೇ ಕಡೆಯಿಂದ ಹಣ ಬರುತ್ತದೆ, ಸರಕು ದಾಸ್ತಾನು ಇಲ್ಲ, ಸಂಬಳದವರಿಲ್ಲ ಅಂದರೆ ಒಂದು ಭಾನುವಾರ ಕೂತು ನೀವೇ ರಿಟರ್ನ್ ಹಾಕಬಹುದು. ಬೇರೆಯವರ ಕೈಗೆ ಕೊಡುವ ಮೊದಲು ಒಂದು ವರ್ಷವಾದರೂ ಹಾಗೆ ಮಾಡಿ ನೋಡುವುದು ಒಳ್ಳೆಯದು ಅಂತ ಈಗ ನನಗೆ ಅನಿಸುತ್ತದೆ. ಯಾವ ಕಾಲಂನಲ್ಲಿ ಏನು ಬರುತ್ತದೆ ಅಂತ ಗೊತ್ತಿದ್ದರೆ ಯಾರೂ ನಮಗೆ ಸುಮ್ನೆ ಕಥೆ ಹೇಳಲು ಆಗುವುದಿಲ್ಲ.

ನನಗೆ ಅದು ಸಾಧ್ಯವಿರಲಿಲ್ಲ. ಕಾಗದ, ಶಾಯಿ, ಇಬ್ಬರು ಹುಡುಗರ ಸಂಬಳ, ಅರ್ಧ ಆನ್‌ಲೈನ್ ಅರ್ಧ ನಗದು ಗ್ರಾಹಕರು, ಜೊತೆಗೆ ತಲೆ ಮೇಲೆ ನೋಟಿಸ್. ಮೂವರನ್ನು ಭೇಟಿ ಮಾಡಿದೆ.

ಮೊದಲನೆಯವರು ಕೂತ ಎರಡೇ ನಿಮಿಷದಲ್ಲಿ ರೀಫಂಡ್ ಕೊಡಿಸುತ್ತೇನೆ ಅಂದರು. ನನ್ನ ಒಂದು ಕಾಗದವನ್ನೂ ಇನ್ನೂ ನೋಡಿಲ್ಲ! ಬಂದ ರೀಫಂಡಿನಲ್ಲಿ ಇಷ್ಟು ಪರ್ಸೆಂಟ್ ನನಗೆ ಅಂತಲೂ ಸೇರಿಸಿದರು. ಕೇಳಲು ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಬಂದರೆ ತಾನೇ ಕೊಡುವುದು ಅನಿಸಿತ್ತು. ಆದರೆ ಲೆಕ್ಕ ಹಾಕಿ ನೋಡಿ, ರೀಫಂಡ್ ದೊಡ್ಡದಾದಷ್ಟೂ ಅವರ ಪಾಲು ದೊಡ್ಡದು. ಇಲ್ಲದ ಖರ್ಚು ಸೇರಿಸಲು ಅವರಿಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಾ? ಎರಡು ವರ್ಷದ ಮೇಲೆ ಆ ರೀಫಂಡ್ ತಪ್ಪು ಅಂತಾದರೆ ವಾಪಸ್ ಕಟ್ಟಬೇಕಾದವರು ನಾವು, ಅವರು ಅಷ್ಟೊತ್ತಿಗೆ ಪಾಲು ತೆಗೆದುಕೊಂಡು ಕೈ ತೊಳೆದುಕೊಂಡಿರುತ್ತಾರೆ. ಅಮೆರಿಕದ ತೆರಿಗೆ ಇಲಾಖೆ ಇಂಥವರಿಂದ ದೂರ ಇರಿ ಅಂತ ಜನರಿಗೆ ನೇರವಾಗಿಯೇ ಹೇಳುತ್ತದೆ. ಭಾರತದ ಸಿಎಗಳು ಫಲಿತಾಂಶದ ಮೇಲೆ, ಲಾಭದ ಪರ್ಸೆಂಟ್ ಮೇಲೆ ಫೀಸ್ ತೆಗೆದುಕೊಳ್ಳುವುದನ್ನು, ಕೆಲವು ವಿನಾಯಿತಿ ಬಿಟ್ಟರೆ, ಅವರ ಕಾಯ್ದೆಯೇ ತಡೆಯುತ್ತದೆ. ಅಲ್ಲಿಂದ ಎದ್ದು ಬಂದೆ.

ಎರಡನೆಯದು ದೊಡ್ಡ ಕಚೇರಿ. ಗಾಜಿನ ಬಾಗಿಲು, ಒಳ್ಳೆಯ ಕುರ್ಚಿ. ಮಾತಾಡಿದವರು ಹಿರಿಯರು, ವಿಷಯ ಚೆನ್ನಾಗಿ ಗೊತ್ತಿದ್ದವರು. ನನ್ನ ಫೈಲ್ ಯಾರು ನೋಡುತ್ತಾರೆ ಸರ್ ಅಂತ ಕೇಳಿದೆ. ನಮ್ಮ ಟೀಮ್ ಇದೆ ಅಂದರು. ಟೀಮ್‌ನಲ್ಲಿ ಯಾರು ಅಂತ ಕೇಳಿದೆ. ಅದು ಆ ಸಮಯಕ್ಕೆ ಯಾರು ಖಾಲಿ ಇರುತ್ತಾರೋ ಅವರು ಅಂದರು. ಇದರಲ್ಲಿ ಮೋಸವೇನೂ ಇಲ್ಲ, ದೊಡ್ಡ ಕಚೇರಿಗಳು ನಡೆಯುವುದೇ ಹಾಗೆ. ಜೂನಿಯರ್ ಮಾಡಿದ್ದನ್ನು ಹಿರಿಯರು ನೋಡಿ ಸಹಿ ಹಾಕುವುದು ಸರಿಯಾದ ಪದ್ಧತಿಯೇ. ನನಗೆ ಬೇಡ ಅನಿಸಿದ್ದು ಬೇರೆ ಕಾರಣಕ್ಕೆ. ಅವರ ಉಳಿದ ಗ್ರಾಹಕರೆಲ್ಲ ನನಗಿಂತ ಐವತ್ತು ಪಟ್ಟು ದೊಡ್ಡವರು. ಕೊನೇ ದಿನಾಂಕ ಹತ್ತಿರ ಬಂದಾಗ ಯಾರ ಫೋನ್ ಮೊದಲು ಎತ್ತುತ್ತಾರೆ ಅಂತ ಊಹಿಸಲು ಕಷ್ಟವೇನಲ್ಲ.

ಮೂರನೆಯವರು ಒಬ್ಬ ಮೇಡಂ, ಜೊತೆಗೆ ಇಬ್ಬರು ಸಹಾಯಕರು. ನಾನು ಕೇಳಬೇಕು ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದ ಪ್ರಶ್ನೆಗಳಲ್ಲಿ ಮೊದಲನೆಯದನ್ನೂ ಕೇಳಲು ಬಿಡಲಿಲ್ಲ, ಅವರೇ ಶುರು ಮಾಡಿದರು. ಮನೆಯಲ್ಲೇ ಕೆಲಸಾನಾ, ಬೇರೆ ಜಾಗಾನಾ? ಬಾಡಿಗೆ ಯಾರ ಹೆಸರಲ್ಲಿದೆ? ಯಂತ್ರ ಸಾಲದಲ್ಲಿ ತಗೊಂಡ್ರಾ? ಫೋನ್ ಒಂದೇನಾ, ಮನೆಗೂ ವ್ಯಾಪಾರಕ್ಕೂ ಅದೇನಾ? ಗ್ರಾಹಕರು ತೆರಿಗೆ ಮುರಿದುಕೊಂಡು ದುಡ್ಡು ಕೊಡ್ತಾರಾ? ನಾನು ಒಂದಕ್ಕೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಅದರ ಬಾಲ ಹಿಡಿದುಕೊಂಡು ಇನ್ನೊಂದು. ಆಮೇಲೆ ಕೇಳಿದರು: "ವರ್ಷದ ಕೊನೇ ದಿನ ನಿಮ್ಮ ಹತ್ರ ಎಷ್ಟು ಕಾಗದ ಉಳಿದಿತ್ತು?"

ನನಗೆ ಅರ್ಥವಾಗಲಿಲ್ಲ. ಎಷ್ಟೋ ಇತ್ತು ಅಂದೆ.

ಆಗ ಅವರು ನನ್ನ ಹಳೇ ರಿಟರ್ನ್ ತಿರುಗಿಸಿ ತೋರಿಸಿದರು. ನಾನು ವರ್ಷದಲ್ಲಿ ಕೊಂಡ ಕಾಗದವನ್ನೆಲ್ಲ ಆ ವರ್ಷದ ಖರ್ಚು ಅಂತ ತೋರಿಸಲಾಗಿತ್ತು. ನನ್ನಂಥ ವ್ಯಾಪಾರದಲ್ಲಿ ಹಾಗೆ ಮಾಡುವಂತಿಲ್ಲವಂತೆ. ಕಪಾಟಿನಲ್ಲಿ ಇನ್ನೂ ಕೂತಿರುವ ಸರಕು ಖರ್ಚಾಗಿಲ್ಲ, ಅದು ಆಸ್ತಿ. ವರ್ಷದ ಶುರುವಿನಲ್ಲಿ ಇದ್ದದ್ದಕ್ಕೆ ಕೊಂಡಿದ್ದನ್ನು ಸೇರಿಸಿ, ಕೊನೆಗೆ ಉಳಿದಿದ್ದನ್ನು ಕಳೆದರೆ ಬರುವುದೇ ನಿಜವಾದ ಖರ್ಚು. ವರ್ಷದ ಕೊನೆಗೆ ಕಡಿಮೆ ಬೆಲೆಗೆ ಸಿಕ್ಕಿತು ಅಂತ ನಾನು ರಾಶಿ ಕಾಗದ ಕೊಂಡು ಹಾಕಿದ್ದ ಆ ವರ್ಷ ನನ್ನ ಲಾಭ ಕಡಿಮೆ ಕಂಡಿತ್ತು, ಮರುವರ್ಷ ಅದೇ ಕಾಗದದಿಂದ ದುಡಿದಾಗ ಇದ್ದಕ್ಕಿದ್ದ ಹಾಗೆ ಜಾಸ್ತಿ ಕಂಡಿತ್ತು. ಎರಡು ವರ್ಷವೂ ತಪ್ಪು. ನಾಲ್ಕು ವರ್ಷದಲ್ಲಿ ಒಬ್ಬರೂ ಕೇಳದ ಒಂದು ಪ್ರಶ್ನೆಯಿಂದ ಇದು ಹೊರಗೆ ಬಂತು.

ಅವರ ಹತ್ತಿರವೇ ಕೊಡುವುದು ಅಂತ ಅಲ್ಲೇ ತೀರ್ಮಾನಿಸಿದ್ದೆ, ಆದರೂ ಚೀಟಿಯಲ್ಲಿದ್ದುದನ್ನು ಬಿಡಲಿಲ್ಲ. ಅದರಲ್ಲಿ ಉತ್ತರ ನನಗೆ ಮೊದಲೇ ಗೊತ್ತಿದ್ದ ಒಂದು ಪ್ರಶ್ನೆಯನ್ನು ಬೇಕಂತಲೇ ಇಟ್ಟುಕೊಂಡಿದ್ದೆ: ಬಿಲ್ಲುಗಳನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು? ಇದಕ್ಕೆ ಪ್ರತಿ ದೇಶದಲ್ಲೂ, ಪ್ರತಿ ತೆರಿಗೆಗೂ ಬೇರೆ ಬೇರೆ ಉತ್ತರವಿದೆ. ಅಮೆರಿಕದ ಆದಾಯ ತೆರಿಗೆಗೆ ಸಾಮಾನ್ಯವಾಗಿ 3 ವರ್ಷ, ಒಟ್ಟು ಆದಾಯದ ಕಾಲು ಭಾಗಕ್ಕಿಂತ ಹೆಚ್ಚು ತೋರಿಸದೆ ಬಿಟ್ಟಿದ್ದರೆ 6 ವರ್ಷ. ಭಾರತದ ಜಿಎಸ್‌ಟಿಗೆ ವಾರ್ಷಿಕ ರಿಟರ್ನ್‌ನ ಕೊನೇ ದಿನಾಂಕದಿಂದ 72 ತಿಂಗಳು. ಮೊದಲನೆಯವರು ಇದಕ್ಕೆ "ಅದೆಲ್ಲ ಯಾರು ನೋಡ್ತಾರೆ" ಅಂದಿದ್ದರು. ಮೇಡಂ ಯಾವ ತೆರಿಗೆಗೆ ಕೇಳ್ತಿದ್ದೀರಿ ಅಂತ ತಿರುಗಿ ಕೇಳಿದರು.

ಫೀಸ್ ವಿಷಯ ಮಾತಾಡಲು ನಮಗೆ ಒಂಥರಾ ಸಂಕೋಚ. ನನಗೂ ಇತ್ತು. ಆದರೆ ಎಷ್ಟು ಅನ್ನುವುದಕ್ಕಿಂತ ಯಾವುದಕ್ಕೆ ಎಷ್ಟು ಅನ್ನುವುದನ್ನು ಬಾಯಿಬಿಟ್ಟು ಕೇಳಲೇಬೇಕು. ವರ್ಷಕ್ಕೆ ಒಟ್ಟಿಗೆ ತೆಗೆದುಕೊಳ್ಳುತ್ತಾರಾ, ಗಂಟೆ ಲೆಕ್ಕವಾ, ರಿಟರ್ನಿಗೆ ಇಷ್ಟು ಅಂತಲಾ? ಮಧ್ಯದಲ್ಲಿ ಫೋನ್ ಮಾಡಿ ಏನಾದರೂ ಕೇಳಿದರೆ ಅದಕ್ಕೂ ಬಿಲ್ ಬರುತ್ತಾ? ನೋಟಿಸಿಗೆ ಉತ್ತರ ಬರೆಯುವುದು ಇದರೊಳಗೇ ಬಂತಾ? ಅವರದ್ದೇ ತಪ್ಪಿನಿಂದ ದಂಡ ಬಿದ್ದರೆ ಯಾರು ಕಟ್ಟುವುದು? ಕೊನೇ ಪ್ರಶ್ನೆ ಕೇಳುವಾಗ ನನ್ನ ದನಿ ಸ್ವಲ್ಪ ನಡುಗಿತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನೀವು ಕೊಟ್ಟ ಕಾಗದ ಸರಿ ಇದ್ದು ನಾವು ತಡ ಮಾಡಿದ್ದರೆ ದಂಡ ನಮ್ಮದು, ನೀವು ಕೊಡುವುದೇ ತಡವಾದರೆ ನಿಮ್ಮದು, ತೆರಿಗೆ ಮಾತ್ರ ಯಾವತ್ತಿದ್ದರೂ ನಿಮ್ಮದೇ ಅಂದರು. ಅದನ್ನೆಲ್ಲ ಎರಡು ಪುಟದಲ್ಲಿ ಬರೆದು ಕಳಿಸಿದರು, ಇಬ್ಬರೂ ಸಹಿ ಹಾಕಿದೆವು. ಹಳಬರಿಗಿಂತ ಫೀಸ್ ಜಾಸ್ತಿಯೇ. ನಾನು ಕಟ್ಟಿದ ಬಡ್ಡಿ, ದಂಡದ ಪಕ್ಕ ಇಟ್ಟು ನೋಡಿದರೆ ಏನೇನೂ ಅಲ್ಲ.

ಇನ್ನು ಬೀಗದ ಕೈ ವಿಷಯ. ಈ ಒಂದರಲ್ಲಿ ನಾನು ಈಗ ಹಠಮಾರಿ. ಪೋರ್ಟಲ್‌ನಲ್ಲಿ ಇಮೇಲ್ ನನ್ನದು, ಫೋನ್ ನನ್ನದು. ಅವರಿಗೆ ಪ್ರವೇಶ ಬೇಕಾದರೆ ಅಧಿಕೃತ ಪ್ರತಿನಿಧಿಯಾಗಿ ಸೇರಿಸುವ ವ್ಯವಸ್ಥೆ ಹಲವು ಪೋರ್ಟಲ್‌ಗಳಲ್ಲಿ ಇರುತ್ತದೆ, ಅದರಲ್ಲಿ ಬರಲಿ. ರೀಫಂಡ್ ಬಂದರೆ ನೇರ ನನ್ನ ಬ್ಯಾಂಕ್ ಖಾತೆಗೇ ಬರಬೇಕು, ಮೊದಲು ನಮ್ಮ ಖಾತೆಗೆ ಬರಲಿ ಆಮೇಲೆ ಕೊಡುತ್ತೇವೆ ಅನ್ನುವವರ ಹತ್ತಿರ ಒಂದು ಕ್ಷಣವೂ ನಿಲ್ಲಬೇಡಿ. ಖಾಲಿ ಫಾರಂ ಮೇಲೆ ಸಹಿ ಹಾಕಬೇಡಿ. ಹಾಕುವ ಮುಂಚೆ ರಿಟರ್ನ್‌ನ ಕರಡು ತರಿಸಿಕೊಂಡು ಓದಿ, ಎಲ್ಲ ಅರ್ಥವಾಗದಿದ್ದರೂ ವಹಿವಾಟು, ಲಾಭ, ಕಟ್ಟಬೇಕಾದ ತೆರಿಗೆ ಈ ಮೂರು ಅಂಕಿ ನಿಮ್ಮ ಅಂದಾಜಿಗೆ ಹತ್ತಿರ ಇವೆಯಾ ನೋಡಿ. ಹಾಕಿದ ಮೇಲೆ ಸ್ವೀಕೃತಿ ಪ್ರತಿ ಇಟ್ಟುಕೊಳ್ಳಿ. ಅವರು ಟ್ಯಾಲಿಯಲ್ಲೋ ಇನ್ಯಾವುದರಲ್ಲೋ ಲೆಕ್ಕ ಬರೆಯುತ್ತಿದ್ದರೆ ಅದರ ಬ್ಯಾಕಪ್ ವರ್ಷಕ್ಕೊಮ್ಮೆಯಾದರೂ ಕೇಳಿ. ಹಳಬರಿಂದ ಬಿಡಿಸಿಕೊಂಡು ಬರುವಾಗ ನನಗೆ ಜಾಸ್ತಿ ಕಷ್ಟವಾಗಿದ್ದು ಇದೇ. ಬಾಕಿ ಇದ್ದ ಅವರ ಫೀಸ್ ಪೂರ್ತಿ ಕೊಟ್ಟು, ಬೇಕಾದ ಕಾಗದಗಳ ಪಟ್ಟಿಯನ್ನು ಇಮೇಲ್‌ನಲ್ಲಿ ಬರೆದು ಕಳಿಸಿ, ಮೂರು ವಾರ ಕಾದ ಮೇಲೆ ಸಿಕ್ಕಿದ್ದು ಅರ್ಧ. ಜಗಳ ಮಾಡಿಕೊಂಡಿದ್ದರೆ ಅದೂ ಸಿಗುತ್ತಿರಲಿಲ್ಲ.

ಹುಡುಕುವ ಕಾಲದ ಬಗ್ಗೆ ಒಂದು ಮಾತು. ಕೊನೇ ದಿನಾಂಕದ ತಿಂಗಳಲ್ಲಿ ಹುಡುಕಲು ಹೋಗಬೇಡಿ. ಆಗ ಒಳ್ಳೆಯವರು ಹೊಸಬರನ್ನು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳುವವರಿಗೆ ನಿಮ್ಮ ಕಥೆ ಕೇಳಲು ಪುರಸೊತ್ತಿರುವುದಿಲ್ಲ. ರಿಟರ್ನ್ ಗದ್ದಲ ಮುಗಿದು ಎರಡು ತಿಂಗಳಾದ ಮೇಲೆ ಹೋಗಿ, ಕೂತು ಮಾತಾಡುತ್ತಾರೆ.

ನೋಟಿಸ್ ಕಥೆ ಏನಾಯಿತು ಅಂತ ಕೇಳುತ್ತೀರಿ. ತಡವಾಗಿದ್ದರೂ ಮೇಲ್ಮನವಿ ಹಾಕಿ, ಎರಡು ಸಲ ಎಣಿಕೆಯಾಗಿದ್ದ ಒಬ್ಬ ಗ್ರಾಹಕರ ಮೊತ್ತವನ್ನು ತೋರಿಸಿಕೊಟ್ಟು, ಒಂದು ಭಾಗ ಕಡಿಮೆಯಾಯಿತು. ಉಳಿದಿದ್ದು ನಿಜಕ್ಕೂ ನಾನು ಕಟ್ಟಬೇಕಾದದ್ದೇ, ಕಟ್ಟಿದೆ.

ಈಗ ಮೇಡಂ ಕಚೇರಿಯಿಂದ ಫೋನ್ ಬಂದರೆ ಸ್ವಲ್ಪ ಭಯ, ಯಾಕಂದರೆ ಏನಾದರೂ ಕೇಳುತ್ತಾರೆ ಅಂತ ಗೊತ್ತು. ಮೊನ್ನೆ ಹೊಸ ಪ್ರಿಂಟರ್ ವಿಷಯ. ಬಿಲ್ ಕಳಿಸಿದ್ದೆ, ಸಾಕಲ್ಲ ಅಂದುಕೊಂಡೆ. "ಬಿಲ್ ತಾರೀಖು ನೋಡಿದೆ. ಕೆಲಸಕ್ಕೆ ಹಚ್ಚಿದ್ದು ಯಾವತ್ತು?" ಅಂದರು. ಸವಕಳಿ, ಅಂದರೆ ಯಂತ್ರದ ಬೆಲೆಯನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿ ಖರ್ಚಿಗೆ ಹಾಕುವ ಲೆಕ್ಕ, ಶುರುವಾಗುವುದು ಯಂತ್ರ ಕೊಂಡ ದಿನದಿಂದಲ್ಲ, ಕೆಲಸಕ್ಕೆ ಇಳಿಸಿದ ದಿನದಿಂದ ಅಂತೆ. ಅದು ಬಂದು ಪೆಟ್ಟಿಗೆಯಲ್ಲೇ ಎಷ್ಟು ದಿನ ಕೂತಿತ್ತು ಅಂತ ನನಗೆ ನೆನಪಿಲ್ಲ. ಕೂರಿಸಲು ಬಂದಿದ್ದ ಹುಡುಗ ಒಂದು ಚೀಟಿ ಕೊಟ್ಟು ಹೋಗಿದ್ದ. ನಿನ್ನೆಯಿಂದ ಅದನ್ನೇ ಹುಡುಕುತ್ತಿದ್ದೇನೆ.